ಪೂರ್ವ ಜರ್ಮನಿಯಲ್ಲಿ ಓದಿದ್ದ ತಂದೆಯ ಮೇಲೆ ಸ್ಟಾಸಿ ಕಡತ ಇದ್ದರೆ ಮಕ್ಕಳು ನೋಡಬಹುದೇ?

ನೀವು ಕೇಳಿದ್ದು ಮೂರು ವಿಷಯ. 1980ರ ದಶಕದಲ್ಲಿ ಲೈಪ್ಸಿಗ್‌ನಲ್ಲಿ ಓದಿ ಬಂದು ಈಗ ತೀರಿಕೊಂಡಿರುವ ನಿಮ್ಮ ತಂದೆಯವರ ಬಗ್ಗೆ ಅಲ್ಲಿನ ಗುಪ್ತ ಪೊಲೀಸರು, ಅಂದರೆ ಸ್ಟಾಸಿ, ಏನಾದರೂ ಬರೆದಿಟ್ಟಿದ್ದರೆ ಅದನ್ನು ನೋಡಲು ಸಿಗುತ್ತದೆಯೇ, ಎಲ್ಲವನ್ನೂ ಆಗಲೇ ಸುಟ್ಟುಬಿಟ್ಟರು ಅನ್ನುವುದು ನಿಜವೇ, ಮನೆಯ ಟ್ರಂಕಿನಲ್ಲಿರುವ ಅವರ ಕಾಗದಪತ್ರಗಳನ್ನು ಏನು ಮಾಡಬೇಕು.

ಕಡತ ಇದ್ದರೆ ನೋಡಬಹುದು. ನೀವು ಜರ್ಮನ್ ಪ್ರಜೆ ಆಗಿರಬೇಕೆಂದೇನೂ ಇಲ್ಲ. ಆದರೆ ಮೊದಲು ಸುಟ್ಟ ಕಥೆ ನೋಡೋಣ, ಏಕೆಂದರೆ ಏನು ಉಳಿದಿದೆ ಅನ್ನುವುದು ಗೊತ್ತಿಲ್ಲದೆ ಅರ್ಜಿ ಹಾಕಿದವರು ಆಮೇಲೆ ಸುಮ್ಮನೆ ನಿರಾಶರಾಗುತ್ತಾರೆ.

ಸುಟ್ಟಿದ್ದು ಸ್ವಲ್ಪ, ಹರಿದದ್ದು ಬಹಳ, ಉಳಿದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. 1989ರ ಡಿಸೆಂಬರ್ 4ರಂದು ಎರ್‌ಫುರ್ಟ್ ಊರಿನ ಜನ ಕಡತ ನಾಶ ತಡೆಯಲು ಸ್ಟಾಸಿಯ ಜಿಲ್ಲಾ ಕಚೇರಿಗೆ ನುಗ್ಗಿದರು. ಅದೇ ಸಂಜೆ ಲೈಪ್ಸಿಗ್‌ನ ಕಚೇರಿಯೂ ಜನರ ಕೈಗೆ ಬಂತು. ಬರ್ಲಿನ್‌ನ ಕೇಂದ್ರ ಕಚೇರಿ ಮಾತ್ರ 1990ರ ಜನವರಿ 15ರವರೆಗೂ ಅಧಿಕಾರಿಗಳ ಕೈಯಲ್ಲೇ ಇತ್ತು. ನಡುವಿನ ಆರು ವಾರ ಅಲ್ಲಿ ಕಡತ ನಾಶ ನಡೆದೇ ಇತ್ತು. ಚೂರು ಮಾಡುವ ಯಂತ್ರಗಳು ಸಾಲದೆ, ಕೆಲವು ಕೆಟ್ಟೂ ನಿಂತ ಮೇಲೆ ಕೈಯಲ್ಲೇ ಹರಿದು ಚೀಲಕ್ಕೆ ತುಂಬಿದರು. ಆ ಚೀಲಗಳನ್ನು ಹೊರಗೆ ಸಾಗಿಸುವಷ್ಟರಲ್ಲಿ ಜನ ಬಂದಾಗಿತ್ತು. ಹಾಗೆ ಸಿಕ್ಕಿದ ಚೀಲಗಳು ಸುಮಾರು 16,000. ಹರಿಯದೆ ಉಳಿದ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಆಗುತ್ತವೆ, ಸೂಚಿ ಕಾರ್ಡುಗಳು 4 ಕೋಟಿ ದಾಟುತ್ತವೆ.

ನಿಜವಾಗಿ ಕೈತಪ್ಪಿ ಹೋದದ್ದು ಎರಡು. 1990ರ ಫೆಬ್ರುವರಿಯಲ್ಲಿ, ಮುಂದೆ ಯಾರಾದರೂ ದುರುಪಯೋಗ ಮಾಡಿಯಾರು ಅನ್ನುವ ಭಯಕ್ಕೆ, ವ್ಯಕ್ತಿಗಳ ಮಾಹಿತಿ ಇದ್ದ ಕಂಪ್ಯೂಟರ್ ಟೇಪುಗಳನ್ನು ನಾಶ ಮಾಡಲು, ಸರ್ಕಾರದವರ ಜೊತೆ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಚಳವಳಿಗಾರರೂ ಕೂತಿದ್ದ ದುಂಡುಮೇಜಿನ ಸಭೆಯೇ ಒಪ್ಪಿತು. ವಿದೇಶಿ ಬೇಹುಗಾರಿಕೆಯ ವಿಭಾಗಕ್ಕೆ, ಅಂದರೆ ಎಚ್‌ವಿಎಗೆ, ತನ್ನನ್ನು ತಾನೇ ವಿಸರ್ಜಿಸಿಕೊಳ್ಳಲು ಅದೇ ತಿಂಗಳು ಒಪ್ಪಿಗೆ ಸಿಕ್ಕಿತು. ಅದು ತನ್ನ ಕಡತಗಳನ್ನು ಬಹುಪಾಲು ಗುಡಿಸಿಹಾಕಿತು. ಕಳ್ಳನ ಕೈಗೇ ಕೀಲಿ ಕೊಟ್ಟಂತಾಯಿತು ಅಂತ ನನಗನ್ನಿಸುತ್ತದೆ. ಎಚ್‌ವಿಎಯ ಸೂಚಿ ಕಾರ್ಡುಗಳ ಮೈಕ್ರೋಫಿಲ್ಮ್ ಅಮೆರಿಕದ ಸಿಐಎ ಕೈಸೇರಿತ್ತು. 'ರೋಸೆನ್‌ಹೋಲ್ಜ್' ಎಂದು ಹೆಸರಾದ ಅದರ ಪ್ರತಿಗಳು 381 ಸಿಡಿಗಳಲ್ಲಿ 2003ರ ಹೊತ್ತಿಗೆ ಜರ್ಮನಿಗೆ ಮರಳಿದವು.

ಹರಿದದ್ದನ್ನು ಜೋಡಿಸುವ ಕೆಲಸ 1995ರಲ್ಲಿ ನ್ಯೂರೆಂಬರ್ಗ್ ಹತ್ತಿರದ ಸಿರ್ನ್‌ಡೋರ್ಫ್‌ನಲ್ಲಿ ಶುರುವಾಯಿತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಬ್ಬ ಅಧಿಕಾರಿ ತನ್ನ ಮೇಜಿನ ಮೇಲಿದ್ದದ್ದನ್ನು ಹರಿದು ಹರಿದು ಒಂದೇ ಚೀಲಕ್ಕೆ ಹಾಕಿರುತ್ತಾನೆ. ಹಾಗಾಗಿ ಒಂದು ಹಾಳೆಯ ಚೂರುಗಳು ಚೀಲದಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಚೀಲವನ್ನು ನೆಲಕ್ಕೆ ಸುರಿದರೆ ಆ ನೆರೆಹೊರೆಯೇ ಹಾಳು. ಅದಕ್ಕೇ ಮೇಲಿನಿಂದ ಒಂದೊಂದೇ ಪದರ ತೆಗೆಯಬೇಕು. ಆಮೇಲೆ ಕಾಗದದ ಬಣ್ಣ, ಗೆರೆ, ಬೆರಳಚ್ಚಿನ ಅಕ್ಷರ, ಪೆನ್ನಿನ ಶಾಯಿ ನೋಡಿ ವಿಂಗಡಿಸುತ್ತಾರೆ; ಅಂಚು ಹೊಂದಿಸುವುದು ಕೊನೆಗೆ. ಕೈಯಲ್ಲಿ ಹರಿದ ಅಂಚು ಕತ್ತರಿಸಿದಂತೆ ನೇರವಾಗಿರುವುದಿಲ್ಲ, ಬಿಳಿ ನಾರು ಎದ್ದು ಒಂದು ಚೂರು ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ಮನುಷ್ಯನ ಬೆರಳಿಗೆ ಇದು ಸುಲಭವಾಗಿ ಸಿಗುತ್ತದೆ, ಯಂತ್ರವನ್ನು ಗೋಳಾಡಿಸುತ್ತದೆ. 2007ರಲ್ಲಿ ಬರ್ಲಿನ್‌ನ ಫ್ರೌನ್‌ಹೋಫರ್ ಸಂಸ್ಥೆಯ 'ಇ-ಪಜ್ಲರ್' ತಂತ್ರಾಂಶ ಹೊರಟಾಗ ದೊಡ್ಡ ನಿರೀಕ್ಷೆ ಇತ್ತು. ಆದರೆ ಸುಕ್ಕಾದ ಚೂರುಗಳನ್ನು ಬಿಡಿಸಿ, ಚಪ್ಪಟೆ ಮಾಡಿ, ಎರಡೂ ಮಗ್ಗುಲು ವೇಗವಾಗಿ ಸ್ಕ್ಯಾನ್ ಮಾಡಬಲ್ಲ ಯಂತ್ರವೇ ಇರಲಿಲ್ಲ. ತಂತ್ರಾಂಶದಿಂದ ಮುಗಿದದ್ದು ಇಪ್ಪತ್ತು ಚಿಲ್ಲರೆ ಚೀಲ. ಕೈಯಿಂದ ಐನೂರಕ್ಕೂ ಹೆಚ್ಚು.

ಇನ್ನು ನಿಮಗೆ ನೇರವಾಗಿ ಬೇಕಾದ ವಿಷಯ. ಈ ಪತ್ರಾಗಾರದ ಜೀವ ಇರುವುದು ಕಡತದಲ್ಲಲ್ಲ, ಎರಡು ಬಗೆಯ ಕಾರ್ಡುಗಳಲ್ಲಿ. ಎಫ್-16 ಕಾರ್ಡಿನಲ್ಲಿ ಮನುಷ್ಯನ ನಿಜವಾದ ಹೆಸರು, ಹುಟ್ಟಿದ ದಿನ, ವಿಳಾಸ ಮತ್ತು ಒಂದು ನೋಂದಣಿ ಸಂಖ್ಯೆ ಇರುತ್ತದೆ. ಎಫ್-22 ಕಾರ್ಡಿನಲ್ಲಿ ಅದೇ ನೋಂದಣಿ ಸಂಖ್ಯೆ, ಗುಪ್ತನಾಮ, ಪ್ರಕರಣದ ಬಗೆ, ನೋಡಿಕೊಳ್ಳುತ್ತಿದ್ದ ಅಧಿಕಾರಿ. ನಿಜ ಹೆಸರು ಇರುವುದಿಲ್ಲ. ಒಂದೇ ಕಾರ್ಡು ಕೈಗೆ ಸಿಕ್ಕರೆ ಏನೂ ಗೊತ್ತಾಗಬಾರದು ಅಂತಲೇ ಹಾಗೆ ಮಾಡಿದ್ದರು. ಸಂಖ್ಯೆಯ ಮೊದಲಿಗೆ ಬರುವ ರೋಮನ್ ಅಂಕಿ ಯಾವ ಜಿಲ್ಲೆ ಅನ್ನುವುದನ್ನು ಹೇಳುತ್ತದೆ: ಲೈಪ್ಸಿಗ್‌ಗೆ 13, ಬರ್ಲಿನ್ ಕೇಂದ್ರಕ್ಕೆ 15. ಕೊನೆಯಲ್ಲಿ ವರ್ಷ. ಎಫ್-16ರಲ್ಲಿ ಹೆಸರಿದ್ದ ಮಾತ್ರಕ್ಕೆ ಆತ ಮಾಹಿತಿದಾರ ಅಂತಲ್ಲ. ಬೇಹಿಗೆ ಗುರಿಯಾದವನಿಗೂ ಅದೇ ಕಾರ್ಡು, ಬೇಹು ಮಾಡಿದವನಿಗೂ ಅದೇ. ಯಾವುದು ಅಂತ ಗೊತ್ತಾಗುವುದು ಎರಡನೇ ಕಾರ್ಡು ಮತ್ತು ಕಡತ ತೆರೆದಾಗ ಮಾತ್ರ. ಅರ್ಧ ಕಾರ್ಡು ನೋಡಿ ತೀರ್ಪು ಕೊಡಲು ಹೋಗಬೇಡಿ.

ಎಫ್-16 ಕಾರ್ಡುಗಳನ್ನು ಜೋಡಿಸಿರುವುದು ಹೆಸರಿನ ಉಚ್ಚಾರದ ಮೇಲೆ. ನಮ್ಮವರ ಅರ್ಜಿ ಎಡವುವುದು ಇಲ್ಲೇ. ನಮ್ಮ ಇನಿಶಿಯಲ್ ಪದ್ಧತಿ ಅವರಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ಅಜ್ಜನ ಹೆಸರೋ ಕುಲನಾಮದ ಜಾಗದಲ್ಲಿ ಕೂತಿದ್ದರೆ ಕಾರ್ಡು ಅದರ ಕೆಳಗೇ ಇರಬಹುದು. ಜೊತೆಗೆ ಇಂಗ್ಲಿಷಿನ ಜೆ ಅಕ್ಷರವನ್ನು ಜರ್ಮನರು 'ಯ' ಅಂತ ಓದುತ್ತಾರೆ, ಹಾಗಾಗಿ ಜಯರಾಮ ಯಯರಾಮನಾಗಿ ಇನ್ನೆಲ್ಲೋ ಕುಳಿತಿರಬಹುದು. ಪಾಸ್‌ಪೋರ್ಟಿನ ಹೆಸರು, ವಿಶ್ವವಿದ್ಯಾಲಯದ ದಾಖಲೆಯ ಹೆಸರು, ಹಿಂದುಮುಂದಾದ ರೂಪ, ಎಲ್ಲವನ್ನೂ ಅರ್ಜಿಗೆ ಒಂದು ಹಾಳೆ ಲಗತ್ತಿಸಿ ಬರೆಯಿರಿ. ಹುಟ್ಟಿದ ದಿನಾಂಕವೂ ಹಾಗೆಯೇ: ಶಾಲೆಯಲ್ಲಿ ಬರೆಸಿದ್ದು ಒಂದು, ನಿಜವಾದದ್ದು ಇನ್ನೊಂದು ಆಗಿದ್ದರೆ ಪಾಸ್‌ಪೋರ್ಟಿನದ್ದನ್ನೇ ಮೊದಲು ಕೊಡಿ.

ಅರ್ಜಿ ಹೋಗುವುದು ಜರ್ಮನಿಯ ಕೇಂದ್ರ ಪತ್ರಾಗಾರವಾದ ಬುಂಡೆಸ್‌ಆರ್ಕೀವ್‌ಗೆ. 2021ರ ಜೂನ್ 17ರಿಂದ ಸ್ಟಾಸಿ ಕಡತಗಳು ಅದರ ಸುಪರ್ದಿಯಲ್ಲಿವೆ. ತೀರಿಕೊಂಡವರ ಕಡತ ಕೇಳಲು ಬೇರೆಯೇ ಫಾರಂ ಇದೆ. ಗಂಡ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಕೇಳಬಹುದು, ಆದರೆ ಕಾರಣ ಕೊಡಬೇಕು. 'ಕುತೂಹಲ' ಅಂತ ಬರೆದರೆ ಕೆಲಸ ಆಗುವುದಿಲ್ಲ. ತಂದೆಯವರ ಮೇಲೆ ಕಣ್ಗಾವಲು ಇತ್ತೇ, ಅದರಿಂದ ಓದಿಗೆ ಅಡ್ಡಿಯಾಯಿತೇ, ಬೇಗ ಊರಿಗೆ ಕಳಿಸಿದರೇ, ಹೀಗೆ ನಿಮಗೆ ತಿಳಿಯಬೇಕಾದದ್ದನ್ನು ಸ್ಪಷ್ಟವಾಗಿ ಬರೆಯಿರಿ. ಮರಣ ಪ್ರಮಾಣಪತ್ರ ಮತ್ತು ನೀವು ಅವರ ಮಕ್ಕಳು ಅನ್ನುವುದಕ್ಕೆ ಪುರಾವೆ ಬೇಕು. ಕನ್ನಡದಲ್ಲಿದ್ದರೆ ಅನುವಾದ ಮಾಡಿಸಿ. ನಿಮ್ಮ ಗುರುತನ್ನು ಅಧಿಕೃತವಾಗಿ ದೃಢೀಕರಿಸಬೇಕು. ಭಾರತದಲ್ಲಿರುವವರು ಇದನ್ನು ಜರ್ಮನ್ ದೂತಾವಾಸ ಕಚೇರಿಯಲ್ಲಿ ಮಾಡಿಸಬಹುದು, ಬೆಂಗಳೂರಿನಲ್ಲೇ ಒಂದಿದೆ. ಉತ್ತರಕ್ಕೆ ವರ್ಷವೇ ಹಿಡಿಯಬಹುದು.

ವಿಳಾಸಗಳ ಬಗ್ಗೆ ಒಂದು ಮಾತು. ವಿದೇಶಿ ವಿದ್ಯಾರ್ಥಿಗಳು ಎಷ್ಟೋ ಜನ ಮೊದಲು ಲೈಪ್ಸಿಗ್‌ನ ಹೆರ್ಡರ್ ಇನ್‌ಸ್ಟಿಟ್ಯೂಟಿನಲ್ಲಿ ಜರ್ಮನ್ ಕಲಿತು ಆಮೇಲೆ ಬೇರೆ ಊರಿಗೆ ಹೋಗುತ್ತಿದ್ದರು. ಡ್ರೆಸ್ಡೆನ್‌ನಲ್ಲೋ ಯೇನಾದಲ್ಲೋ ಹಾಸ್ಟೆಲ್ ಇದ್ದಿದ್ದರೆ ಅದನ್ನೂ ಬರೆಯಿರಿ, ಆ ಜಿಲ್ಲೆಯ ಕಡತ ಬೇರೆಯೇ ಇರುತ್ತದೆ.

ಸಿಗುವ ಪ್ರತಿಗಳಲ್ಲಿ ಅಲ್ಲಲ್ಲಿ ಕಪ್ಪು ಪಟ್ಟಿ ಇರುತ್ತದೆ. ಅದು ಸರ್ಕಾರದ ಮುಚ್ಚುಮರೆಯಲ್ಲ. ನಿಮ್ಮ ತಂದೆಯವರ ಹಾಗೆಯೇ ಬೇಹಿಗೆ ಸಿಕ್ಕಿದ ಇನ್ನೊಬ್ಬ ಸಹಪಾಠಿಯ ಹೆಸರೋ ಕಾಯಿಲೆಯೋ ಅಲ್ಲಿರುತ್ತದೆ. ಕಪ್ಪು ಬಳಿಯುವುದು ಪ್ರತಿಯ ಮೇಲೆ ಮಾತ್ರ, ಮೂಲಕ್ಕೆ ಯಾರೂ ಕೈಹಚ್ಚುವುದಿಲ್ಲ. 1990ರ ಸೆಪ್ಟೆಂಬರಿನಲ್ಲಿ ಈ ಕಡತಗಳೆಲ್ಲ ಪಶ್ಚಿಮದ ಕೊಬ್ಲೆನ್ಸ್‌ಗೆ ಹೋಗಿ ಬೀಗದೊಳಗೆ ಸೇರುತ್ತವೆ ಅನ್ನುವ ಆತಂಕಕ್ಕೆ ಚಳವಳಿಗಾರರು ಕೇಂದ್ರ ಕಚೇರಿಯನ್ನು ಮತ್ತೆ ಹಿಡಿದು ಉಪವಾಸ ಕೂತಿದ್ದರು. 1991ರ ಡಿಸೆಂಬರಿನಲ್ಲಿ ಬಂದ ಕಾನೂನಿನ ತಿರುಳು ಆ ಒತ್ತಾಯವೇ: ಯಾರ ಬಗ್ಗೆ ಬರೆದಿದೆಯೋ ಅವರಿಗೆ ಮೊದಲ ಹಕ್ಕು, ಮಿಕ್ಕವರ ಮಾನಕ್ಕೆ ರಕ್ಷಣೆ. ಓದುವಾಗ ಇನ್ನೊಂದು ನೆನಪಿರಲಿ. ವರದಿ ಬರೆದವನಿಗೆ ಮೇಲಿನವರನ್ನು ಮೆಚ್ಚಿಸಬೇಕಿತ್ತು. ದಿನಾಂಕ, ಜಾಗಗಳನ್ನು ಬಹುಮಟ್ಟಿಗೆ ನಂಬಬಹುದು. ವ್ಯಕ್ತಿಯ ಸ್ವಭಾವ, ಉದ್ದೇಶದ ಬಗ್ಗೆ ಬರೆದದ್ದನ್ನು ಬೇರೆ ಆಧಾರವಿಲ್ಲದೆ ನಂಬಬೇಡಿ.

ಕೊನೆಯದಾಗಿ ಟ್ರಂಕು, ಆದರೆ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ. ಹಳೆಯ ಪಾಸ್‌ಪೋರ್ಟು, ವಿದ್ಯಾರ್ಥಿ ಪುಸ್ತಕ, ಊರಿಗೆ ಬರೆದ ಕಾಗದಗಳ ಲಕೋಟೆ: ಅರ್ಜಿಗೆ ಬೇಕಾದ ವಿಳಾಸ, ತಾರೀಕು ಎಲ್ಲ ಅದರಲ್ಲೇ ಇರುತ್ತದೆ. ಲಕೋಟೆಯನ್ನು ಕಾಗದದಿಂದ ಬೇರೆ ಮಾಡಬೇಡಿ, ಅಂಚೆ ಮುದ್ರೆ ಇರುವುದು ಲಕೋಟೆಯ ಮೇಲೆ. ತುಕ್ಕು ಹಿಡಿದ ಗುಂಡುಸೂಜಿ, ಪಿನ್ನು ಎಳೆಯದೆ ನಿಧಾನಕ್ಕೆ ಬಿಡಿಸಿ. ಲ್ಯಾಮಿನೇಶನ್ ಖಂಡಿತ ಬೇಡ, ಬಿಸಿ ಅಂಟು ಒಮ್ಮೆ ಇಳಿದರೆ ಕಾಗದವನ್ನು ಮತ್ತೆ ಬಿಡಿಸಲಾಗದು. ಸೆಲೋಟೇಪೂ ಬೇಡ, ವರ್ಷಗಳು ಕಳೆದಂತೆ ಹಳದಿಯಾಗಿ ಅಂಟು ಸೋರುತ್ತದೆ. ಬೂಷ್ಟು ಕಂಡರೆ ಒರೆಸಬೇಡಿ. ನೆರಳಲ್ಲಿ ಗಾಳಿಗೆ ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೃದುವಾದ ಕುಂಚದಿಂದ ಝಾಡಿಸಿ. ಪತ್ರಗಳಿಗೆ 400 ಡಿಪಿಐ ಸ್ಕ್ಯಾನ್ ಸಾಕು, ಸ್ಲೈಡುಗಳಿಗೆ 3,000ಕ್ಕಿಂತ ಕಡಿಮೆ ಬೇಡ.

ಆ ಕಾಲದ, ಪೂರ್ವ ಜರ್ಮನಿಯದೇ ಆದ ಓರ್ವೊ ಫಿಲ್ಮಿನ ಸ್ಲೈಡು, ನೆಗೆಟಿವ್ ಇದ್ದರೆ ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿಗೆ ಆಧಾರವಾದ ಅಸಿಟೇಟ್ ಪ್ಲಾಸ್ಟಿಕ್ ಕೆಡಲು ಶುರುವಾಗಿದೆ ಅಂತ ಅರ್ಥ, ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಅಂಥವನ್ನು ತಕ್ಷಣ ಬೇರೆ ಮಾಡಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿದಿಟ್ಟರೆ ಇನ್ನೂ ಬೇಗ ಹೋಗುತ್ತವೆ. ಕಾಗದದ ಲಕೋಟೆಯಲ್ಲಿ ಹಾಕಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ. ಮಲೆನಾಡಿನ ಕಡೆ ಮನೆಯಾದರೆ ಮಳೆಗಾಲ ಶುರುವಾಗುವ ಮೊದಲೇ ಈ ಕೆಲಸ ಮುಗಿಸಿ.