ಆ ನೋಟ್‌ಬುಕ್ ಬಗ್ಗೆ ಬರೆಯಿರಿ

ಪ್ರಿಯರೇ, ನಮಸ್ಕಾರ.

ನೀವು ಕಳಿಸಿದ ‘ನಮ್ಮ ತಂಡಕ್ಕೆ ನಮ್ಮವರೇ ಗುರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಕಾಯಿಸಬಾರದು ಅಂತ ಇದನ್ನು ಮೊದಲೇ ಹೇಳಿದೆ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ನಾಲ್ಕನೇ ಪುಟದಲ್ಲಿ ಆರು ಸಾಲು ಓದಿದಾಗ ನಿಮಗೆ ಬರೆಯುವುದು ಗೊತ್ತಿದೆ ಅನ್ನಿಸಿತು. ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

ನಿಮ್ಮ ವಾದ ಇಷ್ಟು. ಸೈಯದ್ ಅಬ್ದುಲ್ ರಹೀಮ್ ಕೋಚ್ ಆಗಿದ್ದಾಗ ಭಾರತದ ಫುಟ್‌ಬಾಲ್ ಎತ್ತರದಲ್ಲಿತ್ತು. ಆಮೇಲೆ ಬಂದ ವಿದೇಶಿ ಕೋಚ್‌ಗಳು ತಂಡವನ್ನು ಹಾಳು ಮಾಡಿದರು. 2025ರ ಆಗಸ್ಟ್‌ನಲ್ಲಿ ನಮ್ಮವರೇ ಆದ ಖಾಲಿದ್ ಜಮೀಲ್ ಕೋಚ್ ಆಗಿ ಬಂದಿದ್ದಾರೆ, ಇನ್ನು ಎಲ್ಲ ಸರಿಹೋಗುತ್ತದೆ.

ಜಮೀಲ್ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ. ಐಜ್ವಾಲ್‌ನಂಥ ಸಣ್ಣ ಕ್ಲಬ್ಬಿಗೆ ಐ-ಲೀಗ್ ಗೆದ್ದುಕೊಟ್ಟವರು ಅವರು. ಆದರೆ ನೀವು ಅವರ ಕಥೆಯನ್ನು ತಜಿಕಿಸ್ತಾನದ ಹಿಸೋರ್‌ನಲ್ಲಿ ನಡೆದ ಕಾಫಾ ನೇಷನ್ಸ್ ಕಪ್‌ನಲ್ಲೇ ನಿಲ್ಲಿಸಿಬಿಟ್ಟಿದ್ದೀರಿ. ಅಲ್ಲಿ ತಜಿಕಿಸ್ತಾನವನ್ನು 2-1ರಿಂದ ಸೋಲಿಸಿದ್ದು, ಪೆನಾಲ್ಟಿಯಲ್ಲಿ ಒಮಾನ್ ವಿರುದ್ಧ ಗೆದ್ದು ಮೂರನೇ ಸ್ಥಾನ ಪಡೆದದ್ದು ನಿಜ. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರ ಎದುರು 1-2ರಿಂದ ಸೋತು ಏಷ್ಯಾ ಕಪ್ ದಾರಿ ಮುಚ್ಚಿದ್ದೂ ನಿಜ ಅಲ್ವಾ? ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0-1ರಿಂದ ಸೋತದ್ದು? ನೀವು ಲೇಖನ ಕಳಿಸಿದ್ದು ಇದೆಲ್ಲ ಆದ ಮೇಲೆ. ಓದುಗರಿಗೆ ಇದು ಗೊತ್ತಿರುತ್ತದೆ. ನಿಮ್ಮ ಮಾತಿಗೆ ಒಗ್ಗದ್ದನ್ನು ನೀವು ಬಿಟ್ಟಿದ್ದೀರಿ ಅಂತ ಒಂದು ಸಲ ಅನ್ನಿಸಿದರೆ, ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ.

ಸೋಲುಗಳನ್ನು ಸೇರಿಸಿದರೆ ವಾದ ಬಿದ್ದುಹೋಗುತ್ತದೆ ಅಂತ ಹೆದರಬೇಡಿ. ಆ ಅರ್ಹತಾ ಸುತ್ತು ಹಾಳಾಗತೊಡಗಿದ್ದು ಜಮೀಲ್ ಬರುವ ಮೊದಲೇ. ಆಗ ಕೋಚ್ ಆಗಿದ್ದ ಸ್ಪೇನ್‌ನ ಮನೋಲೊ ಮಾರ್ಕೆಜ್ ಎಫ್‌ಸಿ ಗೋವಾ ತಂಡವನ್ನೂ ಜೊತೆಜೊತೆಗೆ ನೋಡಿಕೊಳ್ಳುತ್ತಿದ್ದರು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ 0-0, ಹಾಂಗ್‌ಕಾಂಗ್ ಎದುರು 0-1. ಇದರಲ್ಲಿ ಯಾರ ಪಾಲು ಎಷ್ಟು? ಒಬ್ಬನೇ ಮನುಷ್ಯನಿಗೆ ಎರಡು ಕೆಲಸ ಒಪ್ಪಿಸಿದ ಭಾರತದ ಫುಟ್‌ಬಾಲ್ ಫೆಡರೇಷನ್ನಿನ ಪಾಲು ಎಷ್ಟು? ಇದನ್ನು ಕೇಳಿದ್ದರೆ ಲೇಖನಕ್ಕೆ ಜೀವ ಬರುತ್ತಿತ್ತು.

ಇನ್ನೊಂದು ಕಡೆಯೂ ಹೀಗೇ ಆಗಿದೆ. 2023ರಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಗೆದ್ದ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ಪನ್ನು, ಆಗಿನ ಕೋಚ್ ಬಗ್ಗೆ ‘ಕ್ರೊಯೇಷಿಯಾದ ಸ್ಟಿಮಾಚ್ ಅವರ ಏಕೈಕ ಸಾಧನೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ‘ಏಕೈಕ’ ಅನ್ನುವುದು ತಪ್ಪು. 2021ರ ಸ್ಯಾಫ್ ಕಪ್ಪೂ ಅವರ ಕಾಲದ್ದೇ. ಆದರೆ ನನಗೆ ಬೇಸರವಾದದ್ದು ಅದಕ್ಕಲ್ಲ. ಜುಲೈ 4ರ ಆ ರಾತ್ರಿ ನಾನು ಗ್ಯಾಲರಿಯಲ್ಲಿದ್ದೆ. ಕುವೈತ್ ಎದುರು 1-1, ಪೆನಾಲ್ಟಿಯಲ್ಲಿ 5-4. ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಚೆಂಡು ತಡೆದಾಗ ಪಕ್ಕದವರು ಯಾರು ಅಂತಲೂ ನೋಡದೆ ತಬ್ಬಿಕೊಂಡಿದ್ದೆವು. ಅವತ್ತು ಗೆರೆಯ ಪಕ್ಕ ನಿಂತು ತಂಡ ನಡೆಸಿದ್ದು ಸ್ಟಿಮಾಚ್ ಅಲ್ಲ. ಎರಡು ರೆಡ್ ಕಾರ್ಡ್ ಪಡೆದು ಅವರು ಸೆಮಿಫೈನಲ್‌ಗೂ ಇರಲಿಲ್ಲ, ಫೈನಲ್‌ಗೂ ಇರಲಿಲ್ಲ. ನಿಂತಿದ್ದು ಸಹಾಯಕ ಕೋಚ್, ಗೋವಾದ ಮಹೇಶ್ ಗಾವ್ಳಿ. ಸ್ವದೇಶಿ-ವಿದೇಶಿ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ರಾತ್ರಿ ಎಲ್ಲಿ ಸಿಗುತ್ತದೆ? ತಯಾರು ಮಾಡಿದವರು ಒಬ್ಬರು, ಗೆಲ್ಲಿಸಿದವರು ಇನ್ನೊಬ್ಬರು. ನಿಮ್ಮದೇ ಊರಿನಲ್ಲಿ ನಡೆದದ್ದನ್ನು ನೀವು ದೂರದಿಂದ ನೋಡಿದ್ದೀರಿ.

ಈಗ ರಹೀಮ್ ಸಾಹೇಬರ ವಿಷಯ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಇವನ್ನು ಬರೆದು ‘ಭಾರತೀಯ ಪ್ರತಿಭೆಯ ದಿಗ್ವಿಜಯ’ ಅಂದಿದ್ದೀರಿ. ಆ ಪದಗಳಿಂದ ನನಗೆ ಏನೂ ಕಾಣಲಿಲ್ಲ. ಕಾಣುವಂಥದ್ದು ಬೇಕಾದಷ್ಟಿದೆ. ಅವರು ಮೇಷ್ಟ್ರಾಗಿದ್ದವರು. ಹೈದರಾಬಾದ್ ಸಿಟಿ ಪೊಲೀಸ್ ತಂಡ ವರ್ಷವಿಡೀ ಅವರ ಕೈಯಲ್ಲಿತ್ತು. ಆ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ರೋವರ್ಸ್ ಕಪ್ ಗೆದ್ದಿತು. ಅಂದರೆ ಅವರಿಗೆ ದಿನಾ ಕೆಲಸ ಮಾಡಲು ಒಂದು ಜಾಗ ಇತ್ತು. 1962ರ ಜಕಾರ್ತ ಫೈನಲ್‌ನಲ್ಲಿ, ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಆಗಿ ಆಡಿಸಿದರು. ಜರ್ನೈಲ್ ಗೋಲನ್ನೂ ಹೊಡೆದರು, ದಕ್ಷಿಣ ಕೊರಿಯಾ 2-1ರಿಂದ ಸೋತಿತು. ವರ್ಷಗಟ್ಟಲೆ ಆಟಗಾರರನ್ನು ನೋಡಿದ ಕಣ್ಣಿಗೆ ಮಾತ್ರ ಹೊಳೆಯುವ ಉಪಾಯ ಅದು. ಒಂದು ವರ್ಷದೊಳಗೆ, 1963ರ ಜೂನ್‌ನಲ್ಲಿ, ಕ್ಯಾನ್ಸರ್‌ನಿಂದ ರಹೀಮ್ ತೀರಿಹೋದರು.

‘ಅವರ ನಂತರ ವಿದೇಶಿಯರು ಬಂದು ಕೆಡಿಸಿದರು’ ಅಂತೀರಿ. ಪುಟ ತಿರುಗಿಸಿ ನೋಡಿ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಕಂಚು ನಮ್ಮವರ ಕಾಲದ್ದು, ಸರಿ. 2006ರಲ್ಲಿ ಜಪಾನ್ ಎದುರು 0-6ರಿಂದ ಸೋತಾಗಲೂ ಕೋಚ್ ನಮ್ಮವರೇ. ಆ ಮೇಲೆ ಬಂದ ಇಂಗ್ಲೆಂಡಿನ ಬಾಬ್ ಹೌಟನ್ 2008ರಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಗೆಲ್ಲಿಸಿ 2011ರ ಏಷ್ಯಾ ಕಪ್ಪಿಗೆ ದಾರಿ ಮಾಡಿದರು. ಇದೇ ರೀತಿ ಎರಡೂ ಕಡೆ ಲೆಕ್ಕ ಹಾಕುತ್ತಾ ಹೋಗಬಹುದು. ಲೆಕ್ಕ ಮಾತ್ರ ಹರಿಯುವುದಿಲ್ಲ. ಯಾಕೆಂದರೆ ಕೇಳಬೇಕಾದ ಪ್ರಶ್ನೆ ಬೇರೆ.

ಜಪಾನನ್ನೇ ತೆಗೆದುಕೊಳ್ಳಿ. ಜರ್ಮನಿಯ ಡೆಟ್‌ಮಾರ್ ಕ್ರಾಮರ್ 1960ರಲ್ಲಿ ಅಲ್ಲಿಗೆ ಹೋದರು. ರಹೀಮ್ ಇನ್ನೂ ನಮ್ಮ ತಂಡದಲ್ಲಿದ್ದ ಕಾಲ ಅದು, ಏಷ್ಯಾದ ಮುಂಚೂಣಿ ತಂಡಗಳಲ್ಲಿ ನಮ್ಮದೂ ಒಂದು. ಕ್ರಾಮರ್ 1964ರ ಟೋಕಿಯೊ ಒಲಿಂಪಿಕ್ಸ್‌ಗೆ ತಂಡ ತಯಾರು ಮಾಡಿದರು. ನಿಮಗೊಂದು ರಾಷ್ಟ್ರೀಯ ಲೀಗ್ ಬೇಕು, ನಿಮ್ಮದೇ ಕೋಚ್‌ಗಳು ಬೇಕು ಅಂತ ಹೇಳಿ ಹೊರಟರು. 1965ರಲ್ಲಿ ಲೀಗ್ ಶುರುವಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಬಂದಾಗ ತಂಡದ ಕೋಚ್ ಜಪಾನಿನವರೇ ಆದ ಕೆನ್ ನಾಗನುಮಾ. ನಮ್ಮಲ್ಲಿ? ನಮ್ಮವರೇ ಆದ ದೊಡ್ಡ ಕೋಚ್ ತೀರಿಹೋದ ಮೇಲೆ ರಾಷ್ಟ್ರೀಯ ಲೀಗ್ ಬರಲು 1996 ಆಗಬೇಕಾಯಿತು. ಮೂವತ್ತಮೂರು ವರ್ಷ. ಕೋಚ್ ಎಲ್ಲಿಯವರು ಅಂತ ನೀವು ಆರು ಪುಟ ಕೇಳಿದ್ದೀರಿ. ಅವರು ಹೋದ ಮೇಲೆ ಅಲ್ಲಿ ಏನು ಉಳಿಯಿತು ಅಂತ ಒಂದು ಸಲವೂ ಕೇಳಲಿಲ್ಲ. ನನಗೆ ಅತಿ ಹೆಚ್ಚು ನೋವಾಗುವುದು ಆ ಮೂವತ್ತಮೂರು ವರ್ಷಕ್ಕೆ.

ವಿಶ್ವಕಪ್ ಬಗ್ಗೆ ನೀವು ಬರೆದದ್ದು ಸರಿಯಾಗಿದೆ. 2022ರವರೆಗೆ ವಿದೇಶಿ ಕೋಚ್ ಇದ್ದ ಯಾವ ತಂಡವೂ ಗೆದ್ದಿಲ್ಲ. ಆದರೆ ಗೆದ್ದ ಎಂಟು ದೇಶಗಳಲ್ಲೂ ಕೋಚ್‌ಗಳಿಗೆ ಕೆಲಸ ಕೊಡುವ ಕ್ಲಬ್ಬುಗಳು ತುಂಬಿವೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದರೂ ಒಬ್ಬ ಭಾರತೀಯ ಪೂರ್ಣಾವಧಿ ಮುಖ್ಯ ಕೋಚ್ ಆಗಿದ್ದು 2021ರಲ್ಲಿ. ಅವರು ಇದೇ ಜಮೀಲ್. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಡಿ, ಸಾಕು. ವಿವರಣೆ ಬೇಡ.

ಭಾಷೆಯ ಬಗ್ಗೆ ಎರಡೇ ಮಾತು. ‘ಗುಲಾಮಿ ಮನಸ್ಥಿತಿ’ ಮೂರು ಕಡೆ ಬಂದಿದೆ, ಮೂರನ್ನೂ ತೆಗೆಯಿರಿ. ‘ಚೆಂಡು ಈಗ ಫೆಡರೇಷನ್ನಿನ ಅಂಗಳದಲ್ಲಿದೆ’ ಅನ್ನುವುದು ಇಂಗ್ಲಿಷಿನಿಂದ ಬಂದ ಮಾತು, ಅದೂ ಟೆನಿಸ್ ಆಟದ್ದು. ನಮ್ಮ ಮೈದಾನಗಳಲ್ಲಿ ಹುಡುಗರು ಆಡುವ ಮಾತು ನಿಮಗೆ ಗೊತ್ತಿದೆ. ಅದನ್ನು ಬಳಸಿ.

ಕೊನೆಗೆ ಆ ಆರು ಸಾಲು. ಆಸ್ಟಿನ್ ಟೌನ್ ಮೈದಾನದಲ್ಲಿ ನಿಮಗೆ ಆಟ ಕಲಿಸಿದವರ ಬಗ್ಗೆ ಬರೆದಿದ್ದೀರಿ. ಕಾರ್ಖಾನೆ ತಂಡಕ್ಕೆ ಆಡಿದವರು. ಬೆಳಗಿನ ಶಿಫ್ಟ್ ಮುಗಿಸಿ, ಸೈಕಲ್ಲಿನ ಹಿಂದೆ ಚೆಂಡಿನ ಬಲೆ ಕಟ್ಟಿಕೊಂಡು ಬರುತ್ತಿದ್ದರು. ಪ್ರತಿ ಹುಡುಗನ ಹೆಸರಿನ ಮುಂದೆ ಅವನ ದುರ್ಬಲ ಕಾಲು ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ನಿಮ್ಮ ಎಡಗಾಲು ಪಳಗಲಿ ಅಂತ ಒಂದು ತಿಂಗಳು ಬಲಗಾಲಿನ ಶೂ ತೊಡಲು ಬಿಡಲಿಲ್ಲ. ಇದನ್ನು ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವರ ಹಿಂದೆ ಒಂದು ಇಡೀ ಕಾಲವೇ ಇದೆ. ಐಟಿಐ, ಎಚ್‌ಎಎಲ್‌ನಂಥ ತಂಡಗಳಲ್ಲಿ ಆಡುವವರಿಗೆ ಸಂಬಳದ ಕೆಲಸ ಇರುತ್ತಿತ್ತು. ಆಟ ನಿಂತ ಮೇಲೂ ಮನೆ ನಡೆಯುತ್ತಿತ್ತು. ಅದಕ್ಕೇ ಸಂಜೆ ಹುಡುಗರಿಗೆ ಕಲಿಸಲು ಸಾಧ್ಯವಾಗುತ್ತಿತ್ತು. ಸ್ಥಳೀಯ ಕೋಚ್ ಅನ್ನುವವರು ಹಾಗೆ ಹುಟ್ಟುತ್ತಿದ್ದರು.

ಲೇಖನವನ್ನು ಅವರಿಂದ ಶುರು ಮಾಡಿ. ರಹೀಮ್, ಕ್ರಾಮರ್, ಜಮೀಲ್ ಎಲ್ಲರೂ ಅವರ ಹಿಂದೆ ಬರಲಿ. ಸಾವಿರದಿನ್ನೂರು ಪದ ಸಾಕು, ಒಂದು ತಿಂಗಳು ತೆಗೆದುಕೊಳ್ಳಿ. ಬರೆಯುವ ಮೊದಲು ಅವರ ಮನೆಗೆ ಹೋಗಿ ಬನ್ನಿ. ಅವರಿಗೆ ಕೋಚಿಂಗ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ ಅಂತ ಯಾರಾದರೂ ಹೇಳಿದ್ದರಾ, ಅದರ ಖರ್ಚು ಯಾರು ಕೊಡಬೇಕಿತ್ತು, ಕೇಳಿ. ಅವರ ಹತ್ತಿರ ಕಲಿತವರಲ್ಲಿ ಇವತ್ತು ಯಾರಾದರೂ ಹುಡುಗರಿಗೆ ಕಲಿಸುತ್ತಿದ್ದಾರಾ, ಕೇಳಿ. ಆ ನೋಟ್‌ಬುಕ್ ಈಗ ಯಾರ ಹತ್ತಿರ ಇದೆ ಅಂತಲೂ ಕೇಳಿ.

ಪ್ರೀತಿಯಿಂದ,
ಸಂಪಾದಕ