ಟ್ಯಾಂಕರಿನ ನೀರು ಮತ್ತು ಊರಿನ ಬಾವಿ

ಮಾನ್ಯರೇ,

ಪಶ್ಚಿಮ ಘಟ್ಟದ ರೆಸಾರ್ಟುಗಳನ್ನು ಟೀಕಿಸಿದ ನಮ್ಮ ಕಳೆದ ಸಂಚಿಕೆಯ ಲೇಖನವನ್ನು ಓದಿ ನೀವು ಮಡಿಕೇರಿ ತಾಲ್ಲೂಕಿನಿಂದ ಬರೆದ ಪತ್ರ ತಲುಪಿತು. ಊರಿನ ರೆಸಾರ್ಟಿನಲ್ಲೇ ಕೆಲಸ ಸಿಕ್ಕಿದ್ದರಿಂದ ಮಗಳು ಬೆಂಗಳೂರಿಗೆ ಹೋಗುವುದು ತಪ್ಪಿತೆಂದೂ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಕೈಹಿಡಿದವರು ಪ್ರವಾಸಿಗರೇ ಎಂದೂ, ‘ಪೇಟೆಯಲ್ಲಿ ಕೂತವರಿಗೆ ನಮ್ಮ ಗುಡ್ಡ ಹಸಿರಾಗಿ ಕಂಡರೆ ಸಾಕು’ ಎಂದೂ ಬರೆದಿದ್ದೀರಿ. ಕೊನೆಯ ಮಾತು ಚುಚ್ಚಿತು. ತೋಟದ ಮನೆಯಲ್ಲಿ ಮೂರು ಕೋಣೆ ಬಿಟ್ಟುಕೊಟ್ಟು ಅಕ್ಕಿರೊಟ್ಟಿ ಬಡಿಸುವ ಹೋಂಸ್ಟೇಯನ್ನೂ, ಗುಡ್ಡದ ಒಂದು ಮಗ್ಗುಲನ್ನೇ ಸಮತಟ್ಟು ಮಾಡಿ ಈಜುಕೊಳ ಕಟ್ಟುವ ಕಂಪನಿಯನ್ನೂ ನಮ್ಮ ಲೇಖನ ಒಂದೇ ತಕ್ಕಡಿಗೆ ಹಾಕಿತ್ತು. ಅದು ತಪ್ಪು.

ಆದರೆ ಗುಡ್ಡದ ಮಾತನ್ನು ಹಸಿರಿನ ವ್ಯಾಮೋಹವೆಂದು ತಳ್ಳಿಹಾಕುವುದು ನಿಮ್ಮ ಜಿಲ್ಲೆಯಲ್ಲಂತೂ ಕಷ್ಟ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಕುಸಿದ ಗುಡ್ಡಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಗುರುತಿಸಿದರು. ಅಲ್ಲಿ ಕಡಿದವರೆಲ್ಲ ರೆಸಾರ್ಟಿನವರಲ್ಲ, ನಿಜ. ಆದರೂ ಮೇಲೆ ಜೆಸಿಬಿ ಓಡಿಸಿದವನ ಮನೆಯೇ ಕುಸಿಯಬೇಕೆಂದಿಲ್ಲ. ಮಣ್ಣು ಇಳಿಯುವುದು ಕೆಳಗಿನ ಗದ್ದೆಗೆ, ತೋಟದ ಕಾರ್ಮಿಕರ ಲೈನ್ ಮನೆಗಳಿಗೆ.

ಕೆಲಸದ ಪ್ರಶ್ನೆಗೆ ಬರುತ್ತೇನೆ. ಕೇರಳದ ಆಲಪ್ಪುಳ ಜಿಲ್ಲೆಯಲ್ಲಿ, ವೆಂಬನಾಡ್ ಹಿನ್ನೀರಿನ ನೆಡಿಯತುರುತ್ತು ದ್ವೀಪದಲ್ಲಿ ಕಾಪಿಕೋ ಎಂಬ ಕಂಪನಿ 54 ವಿಲ್ಲಾಗಳನ್ನು ಕಟ್ಟಿತು. ಪಂಚಾಯಿತಿಯ ಪರವಾನಗಿ ಇತ್ತು, ಕರಾವಳಿ ನಿಯಂತ್ರಣ ವಲಯದ ನಿಯಮಕ್ಕೆ ಬೇಕಾದ ಅನುಮತಿ ಇರಲಿಲ್ಲ. ನೀರಿನಲ್ಲಿ ಗೂಟ ನೆಟ್ಟು ಬಲೆ ಕಟ್ಟುತ್ತಿದ್ದ ಮೀನುಗಾರರು ತಮ್ಮ ಜಾಗ ಹೋಯಿತೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೆಡವಬೇಕೆಂದು 2013ರಲ್ಲಿ ಹೈಕೋರ್ಟು ಹೇಳಿತು, 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು, ಕೆಡವುವ ಕೆಲಸ ಶುರುವಾದದ್ದು 2022ರ ಸೆಪ್ಟೆಂಬರಿನಲ್ಲಿ. ಗೆದ್ದವರು ಮೀನುಗಾರರು ಎನ್ನಬಹುದು. ಆದರೆ ಅಷ್ಟು ವರ್ಷ ಬಲೆ ಕಟ್ಟಲಾಗದ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂಬುದು ಯಾವ ತೀರ್ಪಿನ ಲೆಕ್ಕಕ್ಕೂ ಬರುವುದಿಲ್ಲ. ರೆಸಾರ್ಟನ್ನು ನಂಬಿದವರಿಗೆ ಕೆಲಸವೂ ದಕ್ಕಲಿಲ್ಲ. ಊರನ್ನು ಕೇಳದೆ ಬರುವ ಬಂಡವಾಳದ ಬಗ್ಗೆ ನನಗಿರುವ ತಕರಾರು ಇದೇ: ಪಂಚಾಯಿತಿ ಕಚೇರಿಯ ಮೊಹರು ಬಿದ್ದ ಮಾತ್ರಕ್ಕೆ ಗ್ರಾಮಸಭೆ ಒಪ್ಪಿದಂತೆ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಾಲು ಕೊನೆಯ ಪುಟದಲ್ಲಿ, ಸಹಿಯ ಕೆಳಗೆ ಇದೆ. ಎರಡು ಬೇಸಿಗೆಯಿಂದ ಬಾವಿ ಮಾರ್ಚಿನಲ್ಲೇ ತಳ ಕಾಣುತ್ತಿದೆ, ಆದರೆ ರೆಸಾರ್ಟಿನವರು ವಾರಕ್ಕೆರಡು ಸಲ ಪುಕ್ಕಟೆಯಾಗಿ ಟ್ಯಾಂಕರ್ ಕಳಿಸುತ್ತಾರೆ ಎಂದು ಅದನ್ನು ಉಪಕಾರದ ಪಟ್ಟಿಯಲ್ಲಿ ಸೇರಿಸಿದ್ದೀರಿ. ಬಾವಿ ಬತ್ತಿದ್ದು ಅವರ ಕೊಳವೆಬಾವಿಗಳಿಂದಲೇ ಎಂದು ಅಳತೆಯಿಲ್ಲದೆ ನಾನು ಹೇಳಲಾರೆ, ಮಳೆಯೂ ಮೊದಲಿನಂತಿಲ್ಲ. ಆದರೆ ನೀವೇ ಸೇದಿಕೊಳ್ಳುತ್ತಿದ್ದ ನೀರು ಈಗ ಅವರ ಮ್ಯಾನೇಜರ ಮರ್ಜಿಯಿಂದ ಬರುತ್ತಿದೆ. ಆಸ್ತಿ ಇನ್ನೊಬ್ಬರ ಕೈಗೆ ಮಾರಾಟವಾದ ದಿನ ಆ ಟ್ಯಾಂಕರ್ ಬರುತ್ತದೆಯೇ?

ಮಗಳ ಕೆಲಸ ಬಿಡಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಮುಂದಿನ ಗ್ರಾಮಸಭೆಗೆ ಮುನ್ನ ಮಾಹಿತಿ ಹಕ್ಕಿನಡಿ ಎರಡು ಅರ್ಜಿ ಹಾಕಿ: ಜಿಲ್ಲಾಧಿಕಾರಿಗಳ ಕಚೇರಿಗೆ ಆ ರೆಸಾರ್ಟಿನ ಜಾಗದ ಭೂಪರಿವರ್ತನೆಯ ಆದೇಶ ಮತ್ತು ಅದರ ಷರತ್ತುಗಳಿಗಾಗಿ, ಪಂಚಾಯಿತಿಗೆ ಅಲ್ಲಿನ ಕಟ್ಟಡದ ಪರವಾನಗಿಗಾಗಿ. ಬಂದ ಉತ್ತರದ ಪ್ರತಿಯನ್ನು ನಮಗೂ ಕಳಿಸಿದರೆ, ನಿಮ್ಮ ಪತ್ರದ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ