ಕಾರಿನ ಹೆಸರಲ್ಲ, ಪಾರ್ಟಿನ ನಂಬರ್ ಹೇಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಕೆಎ-16, ಕೆಎ-17 ನಂಬರಿನ ಹಳೇ ಕಾರುಗಳವು. ಕೇಳಿದ್ದು ಹೆಚ್ಚುಕಡಿಮೆ ಒಂದೇ: ಪಾರ್ಟ್ಸ್ ಎಲ್ಲಿ ಸಿಗುತ್ತೆ, ಸಿಕ್ಕಿದ್ದನ್ನು ನಂಬಬಹುದಾ?

ಪ್ರಶ್ನೆ: ನನ್ನದು 2004ರ ಮಾರುತಿ 800. ಹಿಂದಿನ ಎಡಗಾಲಿಯ ವೀಲ್ ಸಿಲಿಂಡರ್ ಸೋರುತ್ತೆ. ವರ್ಷದೊಳಗೆ ಎರಡು ಸಲ ರಬ್ಬರ್ ಕಿಟ್ ಹಾಕಿಸಿದೆ, ಮತ್ತೆ ಅದೇ ಕಥೆ. ಅಂಗಡಿಯಲ್ಲಿ ‘ಲೋಕಲ್ ಕೊಡ್ಲಾ, ಒರಿಜಿನಲ್ ಕೊಡ್ಲಾ’ ಅಂತಾರೆ. ಒರಿಜಿನಲ್ ಅಂತ ಗುರುತಿಸೋದು ಹೇಗೆ? (ಹೊಳಲ್ಕೆರೆ)

ಉತ್ತರ: ಮೊದಲು ಸೋರಿಕೆ. ವೀಲ್ ಸಿಲಿಂಡರ್ ಅಂದರೆ ಪೆಡಲ್ ತುಳಿದಾಗ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಪುಟ್ಟ ಸಿಲಿಂಡರ್. ಕಿಟ್ ಎಷ್ಟೇ ಒಳ್ಳೆಯದಿರಲಿ, ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಕಿಟ್ಟಿನ ಹೊಸ ರಬ್ಬರ್ ಕಪ್ ಕೂಡ ಬಾಳುವುದಿಲ್ಲ. ಪಿಸ್ಟನ್ ಹೊರಗೆ ತೆಗೆದು, ಬಟ್ಟೆಯಿಂದ ಒರೆಸಿ, ಉಗುರಿನಿಂದ ಒಳಗೆ ಗೀರಿ ನೋಡಿ. ಉಗುರು ಎಲ್ಲಾದರೂ ತಡೆದರೆ ಕಿಟ್ ಬೇಡ, ಇಡೀ ಸಿಲಿಂಡರನ್ನೇ ಬದಲಿಸಿ, ಅದೂ ಎಡ-ಬಲ ಎರಡನ್ನೂ ಒಟ್ಟಿಗೆ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಒರೆಸಿ ಮತ್ತೆ ಕೂರಿಸಬೇಡಿ, ಬದಲಾಯಿಸಿ.

ಇನ್ನೊಂದು ಅನುಮಾನ: ಕಿಟ್ ಹಾಕುವಾಗ ಸಿಲಿಂಡರನ್ನು ಪೆಟ್ರೋಲಿನಲ್ಲೋ ಡೀಸೆಲ್‌ನಲ್ಲೋ ತೊಳೆದಿದ್ದಾರಾ? ಬ್ರೇಕಿನ ರಬ್ಬರ್‌ಗೆ ಪೆಟ್ರೋಲ್, ಡೀಸೆಲ್, ಗ್ರೀಸ್, ಎಂಜಿನ್ ಆಯಿಲ್ ಯಾವುದೂ ಆಗಿಬರುವುದಿಲ್ಲ. ಕಪ್ ಉಬ್ಬುತ್ತದೆ, ಸೋರದಂತೆ ಹಿಡಿಯುವ ಅದರ ಅಂಚು, ಅಂದರೆ ತುಟಿ, ಮೆತ್ತಗಾಗುತ್ತದೆ, ಕೆಲವು ತಿಂಗಳಿಗೆ ಸೋರುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲ್ ಸಾಕು. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದ್ದು ಬೇಡ, ಗಾಳಿಯ ತೇವ ಹೀರಿರುತ್ತದೆ. ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತುವ ಮುಖ್ಯ ಸಿಲಿಂಡರ್) ಅತಿ ದೂರದ ಗಾಲಿಯಿಂದ, ಅಂದರೆ ಹಿಂದಿನ ಎಡದಿಂದ, ಶುರುಮಾಡಿ. ಗುಳ್ಳೆ ನಿಲ್ಲುವವರೆಗೆ ಬಿಡಬೇಡಿ, ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲೂ ಬಿಡಬೇಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ.

ಇನ್ನು ‘ಒರಿಜಿನಲ್’ ವಿಷಯ. ಕೌಂಟರಿನಲ್ಲಿ ಆ ಒಂದೇ ಮಾತು ಮೂರು ಬೇರೆ ಮಾಲುಗಳಿಗೆ ಓಡಾಡುತ್ತದೆ. ಕಾರ್ ಕಂಪನಿಯ ಡಬ್ಬದಲ್ಲಿ ಬರುವುದು ಒಂದು. ಕಂಪನಿಗೆ ಬಿಡಿಭಾಗ ಮಾಡಿಕೊಡುವ ಬಾಷ್, ರಾಣೆ, ಲೂಕಾಸ್-ಟಿವಿಎಸ್‌ನಂಥವರು ತಮ್ಮದೇ ಡಬ್ಬದಲ್ಲಿ ಮಾರುವುದು ಎರಡನೆಯದು. ಕಂಪನಿ ಡಬ್ಬವನ್ನೇ ಹೋಲುವ ಡಬ್ಬದ ನಕಲಿ ಮಾಲು ಮೂರನೆಯದು. ಎರಡನೆಯದನ್ನು ಧೈರ್ಯವಾಗಿ ಕೊಳ್ಳಿ, ಎಷ್ಟೋ ಸಲ ಬೆಲೆಯೂ ಕಡಿಮೆ. ತನ್ನದೇ ಹೆಸರಿನಲ್ಲಿ ಬರುವ ಲೋಕಲ್ ಮಾಲು ಮೋಸವಲ್ಲ, ಮಡ್‌ಫ್ಲ್ಯಾಪಿಗೆ, ಡೋರ್ ಹ್ಯಾಂಡಲಿಗೆ ನಡೆಯುತ್ತದೆ. ಬ್ರೇಕಿಗೆ, ಸ್ಟಿಯರಿಂಗಿಗೆ ಬೇಡ.

ಗುರುತಿಸಲು ಪಾರ್ಟ್ ನಂಬರ್ ಕೇಳಿ. ಸುಜುಕಿ ನಂಬರಿನ ಮೊದಲ ಐದು ಅಂಕಿ ಸಾಮಾನು ಯಾವುದೆಂದು ಹೇಳುತ್ತವೆ: 16510 ಅಂದರೆ ಆಯಿಲ್ ಫಿಲ್ಟರ್, 13780 ಅಂದರೆ ಏರ್ ಫಿಲ್ಟರ್. ಉಳಿದದ್ದು ಯಾವ ಮಾಡೆಲಿಗೆ ಎಂಬುದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟರೆ ಡೀಲರ್ ಕೌಂಟರಿನ ಕಂಪ್ಯೂಟರ್ ಸರಿಯಾದ ನಂಬರ್ ತೋರಿಸುತ್ತದೆ. ಮಾರುತಿಯ ಚಾಸಿ ನಂಬರ್ ಎಂಎ3ಯಿಂದ, ಹ್ಯುಂಡೈ ಎಂಎಎಲ್‌ನಿಂದ, ಟಾಟಾ ಎಂಎಟಿಯಿಂದ ಶುರುವಾಗುತ್ತದೆ. ನಂಬರ್ ಬರೆದುಕೊಂಡು ಯಾವ ಅಂಗಡಿಗಾದರೂ ಹೋಗಿ. ಡಬ್ಬದ ಮೇಲಿನ ನಂಬರ್, ಒಳಗಿನ ಸಾಮಾನಿನ ಮೇಲಿನ ಗುರುತು, ಎಂಆರ್‌ಪಿ ಚೀಟಿ ಮೂರೂ ತಾಳೆಯಾಗಬೇಕು. ಅಕ್ಷರ ಮಸುಕಾಗಿದ್ದರೆ, ಬಿಲ್ ಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರೆ, ಬೇರೆ ಅಂಗಡಿ ನೋಡಿಕೊಳ್ಳಿ.

ಪ್ರಶ್ನೆ: ತಂದೆಯವರ ಕಾಲದ ಅಂಬಾಸಿಡರ್, 1.5 ಡೀಸೆಲ್. ಕಂಪನಿಯೇ ಮುಚ್ಚಿದ ಮೇಲೆ ಬೇರಿಂಗ್, ಆಯಿಲ್ ಸೀಲ್ ಎಲ್ಲಿ ಹುಡುಕೋದು? (ಚಳ್ಳಕೆರೆ)

ಉತ್ತರ: ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಆದರೆ ಬೇರಿಂಗು, ಸೀಲುಗಳನ್ನು ಕಾರಿನ ಹೆಸರು ಹೇಳಿ ಹುಡುಕಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅವು ಕಾರಿನವಲ್ಲ, ಅಳತೆಯವು. ಮೋಟರ್ ಪಂಪ್‌ಸೆಟ್ಟಿನ ಬೇರಿಂಗ್ ಮಾರುವ ಅಂಗಡಿಯಲ್ಲೂ ಸಿಗಬಹುದು.

ಬೇರಿಂಗಿನ ಅಂಚಿನಲ್ಲಿ ಕೆತ್ತಿದ ನಂಬರ್ ಓದಿ. 6204 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ: ಒಳವ್ಯಾಸ 20 ಮಿ.ಮೀ. (ಹೊರಗಿನದು 47, ಅಗಲ 14.) ಈ ಲೆಕ್ಕ 04ರಿಂದ ಮೇಲಕ್ಕೆ. ಅದಕ್ಕಿಂತ ಕೆಳಗೆ 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17 ಮಿ.ಮೀ. ನಂಬರಿನ ಬಾಲ ಮರೆಯಬೇಡಿ: 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಝಡ್‌ಝಡ್ ಅಂದರೆ ತಗಡಿನದು, ಸಿ3 ಅಂದರೆ ಒಳಗೆ ಸ್ವಲ್ಪ ಹೆಚ್ಚು ಸಡಿಲ. ಹಳೆಯದರಲ್ಲಿ ಸಿ3 ಇದ್ದರೆ ಹೊಸದರಲ್ಲೂ ಇರಲಿ. ಇಂಚಿನ ಅಳತೆಯ ಬೇರಿಂಗಿಗೆ ಈ ಲೆಕ್ಕ ಕೂಡಿಬರುವುದಿಲ್ಲ, ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ.

ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಯೇ ಆಯಿಲ್ ಸೀಲ್. ಅದರ ಮೇಲೆ ಮೂರು ಅಂಕಿ ಇರುತ್ತವೆ, 35-50-8 ಎಂಬಂತೆ: ಶಾಫ್ಟ್, ಹೊರವ್ಯಾಸ, ದಪ್ಪ. ಅಳಿಸಿದ್ದರೆ ಹಳೇ ಸೀಲನ್ನು ಅಳೆಯಬೇಡಿ, ಅದರ ತುಟಿ ಸವೆದಿರುತ್ತದೆ. ವರ್ನಿಯರ್ ಅಳತೆ ಸಾಧನದಿಂದ ಶಾಫ್ಟನ್ನೂ ಸೀಲ್ ಕೂರುವ ಗೂಡನ್ನೂ ಅಳೆಯಿರಿ. ಹೊಸ ಸೀಲೂ ಸೋರುತ್ತಿದೆ ಎನ್ನುವವರ ಶಾಫ್ಟಿನಲ್ಲಿ ಬಹುಪಾಲು ಹಳೇ ತುಟಿ ಕೊರೆದ ಗೀರು ಇರುತ್ತದೆ. ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ತುಟಿ ಗೀರು ಬಿಟ್ಟು ಹೊಸ ಜಾಗ ಹಿಡಿಯುತ್ತದೆ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ, ತುಟಿಗೆ ಒಂದು ಬೆರಳು ಆಯಿಲ್ ಸವರಿ.

ಬೋಲ್ಟ್ ವಿಷಯದಲ್ಲಿ ಎಚ್ಚರ. ಈ ಕಾರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ನಿಮ್ಮ ಎಂಜಿನ್ನಿನ ಥ್ರೆಡ್ ಇಂಚಿನದು. ಮಿಲಿಮೀಟರ್ ಬೋಲ್ಟ್ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, ‘ಸರಿಯಾಯ್ತು’ ಅಂತ ತಿರುವಿದರೆ ಬ್ಲಾಕಿನ ಥ್ರೆಡ್ಡೇ ಹೋಗುತ್ತದೆ. ಬೆರಳಲ್ಲಿ ನಾಲ್ಕೈದು ಸುತ್ತು ಸಲೀಸಾಗಿ ಹೋಗದ ಬೋಲ್ಟಿಗೆ ಸ್ಪಾನರ್ ಹಾಕಬೇಡಿ. ಬುಷ್, ಪಿನ್ ಎಲ್ಲೂ ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಬಹುದು. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಹರಿಹರ ನಿಮಗೆ ದೂರವೇನಲ್ಲ. ಮಾದರಿಗೆ ಸವೆಯದ ಪಿನ್ ಕೊಡಿ, ಸವೆದದ್ದನ್ನು ಕೊಟ್ಟರೆ ಸವೆದ ಅಳತೆಯದ್ದೇ ತಯಾರಾಗುತ್ತದೆ.

ಪ್ರಶ್ನೆ: ಫಿಯಟ್ ಪುಂಟೋ ಡೀಸೆಲ್ ಇದೆ. ಪಾರ್ಟ್ಸ್ ಸಿಗಲ್ಲ, ಮಾರಿಬಿಡಿ ಅಂತಾರೆ ಎಲ್ಲರೂ. (ದಾವಣಗೆರೆ)

ಉತ್ತರ: ಎಂಜಿನ್ ಮಟ್ಟಿಗೆ ಹೆದರಬೇಡಿ. ಅದೇ 1248 ಸಿಸಿ ಎಂಜಿನ್ ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾಗಳಲ್ಲೂ ಇತ್ತು, ಒಳಗಿನ ಬಹಳಷ್ಟು ಭಾಗ ಆ ದಾರಿಯಲ್ಲಿ ಸಿಗುತ್ತದೆ. ಆದರೆ 75 ಮತ್ತು 90 ಕುದುರೆಶಕ್ತಿಯವುಗಳ ಟರ್ಬೊ ಬೇರೆ ಬೇರೆ, ಅದಲುಬದಲು ಆಗದು. ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಭಾಗ) ಬದಲಿಸಿದರೆ ಅದರ ಮೇಲಿನ ಕೋಡನ್ನು ಸ್ಕ್ಯಾನರಿನಿಂದ ಕಾರಿನ ಕಂಪ್ಯೂಟರಿಗೆ ಬರೆಸಬೇಕು. ನಿಜವಾದ ತಲೆನೋವು ಹೆಡ್‌ಲೈಟ್, ಬಂಪರ್, ಡೋರ್ ರಬ್ಬರ್. ಸಿಕ್ಕಾಗಲೇ ಕೊಂಡಿಡಿ.

ಪ್ರಶ್ನೆ: ಗುಜರಿಯಿಂದ ಏನೇನು ತರಬಹುದು? (ಹಿರಿಯೂರು)

ಉತ್ತರ: ಡೋರು, ಗಾಜು, ಕನ್ನಡಿ, ಸ್ವಿಚ್ಚು, ಸೀಟು, ವೀಲ್ ಡಿಸ್ಕು ತನ್ನಿ. ಸ್ಟಾರ್ಟರ್ ಮೋಟರ್, ಆಲ್ಟರ್ನೇಟರನ್ನು ಬ್ಯಾಟರಿಗೆ ಹಚ್ಚಿ, ಓಡಿಸಿ ತೋರಿಸಿದರೆ ಮಾತ್ರ. ಬ್ರೇಕ್ ಹೋಸ್, ಮಾಸ್ಟರ್ ಸಿಲಿಂಡರ್, ಟೈರಾಡ್ ಎಂಡ್ (ಸ್ಟಿಯರಿಂಗನ್ನು ಗಾಲಿಗೆ ಸೇರಿಸುವ ಕೀಲು), ಟೈಮಿಂಗ್ ಬೆಲ್ಟ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಬೇಡವೇ ಬೇಡ. ಟೈರನ್ನೂ ಸೇರಿಸಿಕೊಳ್ಳಿ: ಮೇಲಿನ ಬಟನ್ (ನೆಲ ಹಿಡಿಯುವ ಉಬ್ಬುಗಳು) ಚೆನ್ನಾಗಿ ಕಂಡರೂ ಪಕ್ಕದ ನಾಲ್ಕಂಕಿ 2316 ಎಂದಿದ್ದರೆ ಅದು 2016ರ 23ನೇ ವಾರದ್ದು. ಇಡೀ ಎಂಜಿನ್ ತರುವುದಾದರೆ ಮಾರಿದವರ ಬಿಲ್ ಮತ್ತು ಆ ಗಾಡಿಯ ದಾಖಲೆ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಾಗದಿದ್ದರೆ ಎಫ್‌ಸಿಗೆ ಹೋದಾಗ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಕಾರ್ಬ್ಯುರೇಟರ್ ಇರುವ ಹಳೇ 800. ಈಚೆಗೆ ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. (ಚನ್ನಗಿರಿ)

ಉತ್ತರ: ಮೊದಲು ಪೆಟ್ರೋಲ್ ಪೈಪನ್ನು ಬಗ್ಗಿಸಿ ನೋಡಿ, ಕೂದಲೆಳೆ ಬಿರುಕು ಕಂಡರೆ ಕಾರಣ ಅದೇ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ, ಹಳೇ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಹೊಸ ಪೈಪಿನ ಮೇಲೆ ‘30ಆರ್9’ ಎಂದು (ಇಂಥ ಪೆಟ್ರೋಲ್ ತಡೆಯುವ ಪೈಪಿನ ದರ್ಜೆ) ಅಚ್ಚಾಗಿರಲಿ, ಒಳವ್ಯಾಸ ಹಳೆಯದರಷ್ಟೇ ಇರಲಿ, ಕ್ಲಿಪ್ಪೂ ಹೊಸದಾಗಲಿ. ವಾಸನೆ ಹೋಗದಿದ್ದರೆ ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರ್ ಗ್ಯಾಸ್ಕೆಟ್ ನೋಡಿಸಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ.

ಪ್ರಶ್ನೆ: ಎನ್‌ಜಿಕೆ ಪ್ಲಗ್ ಬದಲು ಬಾಷ್ ಹಾಕಬಹುದಾ? ಅದೇ ಅಂಕಿಯದ್ದು ತಂದರೆ ಆಯಿತಲ್ಲ? (ಹರಿಹರ)

ಉತ್ತರ: ಹಾಕಬಹುದು, ಆದರೆ ಅಂಕಿ ನೋಡಿ ತರಬೇಡಿ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣನೆಯದು (ಶಾಖ ಬೇಗ ಬಿಟ್ಟುಕೊಡುತ್ತದೆ), ಬಾಷ್‌ನಲ್ಲಿ ಬಿಸಿಯದು (ಶಾಖ ಹಿಡಿದಿಡುತ್ತದೆ). ಹೋಲಿಕೆ ಪಟ್ಟಿ ನೋಡಿಯೇ ಕೊಡಿ ಎಂದು ಅಂಗಡಿಯವರನ್ನು ಕೇಳಿ, ಥ್ರೆಡ್ಡಿನ ಉದ್ದವನ್ನು ಹಳೇ ಪ್ಲಗ್ ಪಕ್ಕ ಇಟ್ಟು ನೋಡಿ.